ಒಣಗದ ಬಟ್ಟೆ, ಮುಗಿಯದ ಟ್ಯೂಬು

ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಕೊಡಗಿನ ಮೆಡಿಕಲ್ ಶಾಪ್‌ಗಳಲ್ಲಿ ಎರಡು ಬೇಡಿಕೆ ಒಟ್ಟಿಗೆ ಕೇಳಿಸುತ್ತವೆ. ಕಾಲೇಜು ಹುಡುಗಿಗೆ ಮೊಬೈಲಿನಲ್ಲಿ ನೋಡಿದ, ಮುಖಕ್ಕೆ ಹಚ್ಚುವ ನಿಯಾಸಿನಮೈಡ್ ಸೀರಮ್ ಬೇಕು. ಅವಳ ಹಿಂದೆ ನಿಂತ ತೋಟದ ಕೆಲಸದವರು ದನಿ ತಗ್ಗಿಸಿ, "ಹೋದ ಸಲ ಕೊಟ್ಟಿದ್ರಲ್ಲಾ, ತುರಿಕೆಗೆ, ಅದೇ ಟ್ಯೂಬ್" ಅನ್ನುತ್ತಾರೆ.

ಹಂಡೆಯ ಬಿಸಿನೀರು, ಕಡಲೆಹಿಟ್ಟು, ಸೀಗೆಪುಡಿ, ಕೊಬ್ಬರಿ ಎಣ್ಣೆ ಇಷ್ಟರಲ್ಲೇ ಚರ್ಮದ ಆರೈಕೆ ಮುಗಿಯುತ್ತಿದ್ದ ಕಾಲವಿತ್ತು. 1910ರ ದಶಕದಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾದಾಗ ಕೊಡಗು ಮೈಸೂರಿಗೆ ಸೇರದ ಪ್ರತ್ಯೇಕ ಪ್ರಾಂತ್ಯ. 1956ರಲ್ಲಿ ಅದು ಮೈಸೂರು ರಾಜ್ಯದೊಳಗೆ ಬಂತು, 1975ರಲ್ಲಿ ಫೇರ್ ಆಂಡ್ ಲವ್ಲಿ ಬಂತು, 1994ರಲ್ಲಿ ಭಾರತಕ್ಕೆ ಎರಡು ವಿಶ್ವ ಸೌಂದರ್ಯ ಕಿರೀಟಗಳು ಬಂದವು. ಬಿಳುಪಿನ ಆಸೆ ಟಿವಿಯ ಮೂಲಕ ತೋಟದ ಕೆಲಸದವರ ಲೈನ್ ಮನೆಗಳವರೆಗೂ ಇಳಿಯಿತು. 2020ರಲ್ಲಿ ಆ ಕ್ರೀಮ್ ಹೆಸರಿನಿಂದ 'ಫೇರ್' ಹೋಗಿ 'ಗ್ಲೋ' ಕೂತಿತು. ಈಗ ಕೊರಿಯಾದವರ ಹತ್ತು ಹಂತದ ದಿನಚರಿ.

ಇವೆಲ್ಲದರ ನಡುವೆ ಜಾಹೀರಾತೇ ಇಲ್ಲದೆ ಮನೆಮನೆ ಹೊಕ್ಕಿದ್ದು ಆ ಟ್ಯೂಬು. ಅದರಲ್ಲಿ ಶಿಲೀಂಧ್ರದ ಔಷಧಿಯ ಜೊತೆಗೆ ಪ್ರಬಲವಾದ ಸ್ಟೀರಾಯ್ಡ್ ಸೇರಿರುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ಎರಡೇ ದಿನದಲ್ಲಿ ಕೆಂಪೂ ತುರಿಕೆಯೂ ಅಡಗುತ್ತವೆ. ಅಡಗಿದ್ದು ದೇಹದ ಪ್ರತಿರೋಧ ಮಾತ್ರ, ಶಿಲೀಂಧ್ರ ಒಳಗೇ ಹರಡುತ್ತಿರುತ್ತದೆ. ಬಿಟ್ಟರೆ ಮತ್ತೆ ಉರಿ, ಹಚ್ಚಿದರೆ ಮತ್ತೆ ತಂಪು. ಉಂಗುರದ ಆಕಾರವೂ ಅಳಿಸಿಹೋಗಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ಸಾಮಾನ್ಯ ಔಷಧಿಯಾದ ಟರ್ಬಿನಾಫಿನ್‌ಗೆ ಬಗ್ಗದ ಒಂದು ಬಗೆಯ ಶಿಲೀಂಧ್ರ ಭಾರತದಲ್ಲಿ ವ್ಯಾಪಕವಾಗಿದೆ. 2020ರಲ್ಲಿ ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶವಿದೆ, ಅದು ನನ್ನನ್ನು ಚುಚ್ಚುತ್ತದೆ.

ಇಂಥದೇ ಸ್ಟೀರಾಯ್ಡ್‌ಗೆ ಚರ್ಮದ ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್ ಬೆರೆಸಿದ ಕ್ರೀಮನ್ನು ಬಂಗು ಎಂಬ ಕಪ್ಪು ಕಲೆಗೆಂದು ಮುಖಕ್ಕೂ ಹಚ್ಚಿದರು. ಮೊದಲ ವಾರಗಳಲ್ಲಿ ಮುಖ ಬೆಳ್ಳಗಾಗಿ ಹೊಳೆಯುತ್ತದೆ, ನೆಂಟರು ಕೇಳಿ ಹೆಸರು ಬರೆದುಕೊಳ್ಳುತ್ತಾರೆ. ತಿಂಗಳುಗಟ್ಟಲೆ ಮುಂದುವರಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣಿಸುತ್ತವೆ, ಮೊಡವೆ ಏಳುತ್ತದೆ, ಕೂದಲು ಬೆಳೆಯುತ್ತದೆ, ಬಿಸಿಲಿಗೆ ಹೋದರೆ ಉರಿ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಆದರೆ ಚೀಟಿ ಬರೆಸಲು ಚರ್ಮದ ವೈದ್ಯರ ಬಳಿ ಹೋಗಬೇಕು, ತೋಟದಿಂದ ಪಟ್ಟಣಕ್ಕೆ ಬಸ್ಸು, ಅರ್ಧ ದಿನದ ಕೂಲಿ. ಪಕ್ಕದ ಕೇರಳದ ಮಲಪ್ಪುರಂನಲ್ಲಿ 2023ರಲ್ಲಿ ಪಾದರಸವಿದ್ದ ಬಿಳುಪಿನ ಕ್ರೀಮುಗಳಿಂದ ಮೂತ್ರಪಿಂಡ ಕೆಟ್ಟ ಪ್ರಕರಣಗಳು ಬೆಳಕಿಗೆ ಬಂದಾಗ ಇಲ್ಲಿ ಕೆಲವರು ಡಬ್ಬಿ ತಿರುಗಿಸಿ ನೋಡಿದರು.

ಮನೆಯದೆಲ್ಲ ಒಳ್ಳೆಯದು ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂತೆ ಕಪ್ಪು ಕಲೆ ಬೀಳುತ್ತದೆ. ಮೊಡವೆಯ ಮುಖಕ್ಕೆ ಕೊಬ್ಬರಿ ಎಣ್ಣೆ ಹಿಡಿಸುವುದಿಲ್ಲ. ತರಿತರಿ ಕಾಫಿಪುಡಿಯಿಂದ ಕೆನ್ನೆ ಉಜ್ಜಿದರೆ ಗೀರು ಬೀಳುತ್ತದೆ, ನಮ್ಮ ತೋಟದ್ದೇ ಆದರೂ.

ಬೇಕಾಗಿರುವುದು ತೀರಾ ಕಡಿಮೆ: ಸೌಮ್ಯ ಸಾಬೂನು, ಒಣಚರ್ಮಕ್ಕೆ ತೇವ ಉಳಿಸುವ ಕ್ರೀಮ್, ಬಿಸಿಲಿಗೆ ರಕ್ಷಣೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಪ್ರತಿ ಸಾವಿರ ಮೀಟರಿಗೆ ಅತಿನೇರಳೆ ಕಿರಣ ಶೇ. 10ರಷ್ಟು ಹೆಚ್ಚುತ್ತದೆ, ತೆಳು ಮೋಡ ಅದನ್ನು ತಡೆಯುವುದಿಲ್ಲ. ಚಳಿಯಿದೆಯೆಂದು ಸನ್‌ಸ್ಕ್ರೀನ್ ಬಿಟ್ಟು, ರಾತ್ರಿ ಮೂರು ಸೀರಮ್ ಹಚ್ಚುವವರಿದ್ದಾರೆ. ಕಾಫಿ ಕೊಯ್ಲಿನ ದಿನಗಳಲ್ಲಿ ತಲೆವಸ್ತ್ರವನ್ನು ಹಣೆಯವರೆಗೆ ಎಳೆದುಕೊಳ್ಳುವ ಹೆಂಗಸರು ಇದನ್ನು ಯಾರಿಂದಲೂ ಕಲಿಯಲಿಲ್ಲ.

ಮಳೆಗಾಲದ ತುರಿಕೆಗೆ ಮದ್ದಿಗಿಂತ ಮೊದಲು ಬೇಕಾದದ್ದು ಒಣಗಿದ ಒಳಉಡುಪು. ಹಿಂದೆ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕುತ್ತಿದ್ದರು, ಹೊಗೆವಾಸನೆ ಬಂದರೂ ಬಟ್ಟೆ ಒಣಗುತ್ತಿತ್ತು. ಗ್ಯಾಸ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಆ ಒಲೆ ಇಲ್ಲ. ಕಾಫಿ ಒಣಗಿಸಲು ಸಿಮೆಂಟಿನ ಕಣವಿದೆ, ಮೇಲೆ ಹೊದಿಸಲು ಟಾರ್ಪಾಲಿದೆ. ಅದರ ಪಕ್ಕದ ಎಷ್ಟೋ ಲೈನ್ ಮನೆಗಳಲ್ಲಿ ನಾಲ್ಕು ಜನರ ಬಟ್ಟೆ ಒಣಹಾಕಲು ಮಳೆ ತಾಗದ ಒಂದು ಮೂಲೆಯಿಲ್ಲ.