ಪದ ಪರಿಚಯ: ಟ್ಯಾಗ್ಸ್ ಟಾರ್ಗೆಟ್

ಸೋರ್ಸ್ ಕೋಡ್‌ನಿಂದ ಪ್ರೋಗ್ರಾಮನ್ನು ಕಟ್ಟುವ ಬಿಲ್ಡ್ ವ್ಯವಸ್ಥೆಗೆ ಹೆಸರು ಹಿಡಿದು ‘ಇದನ್ನು ಸಿದ್ಧಪಡಿಸು’ ಎಂದು ಹೇಳಬಹುದಾದ ಪ್ರತಿಯೊಂದೂ ಒಂದು ಟಾರ್ಗೆಟ್. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದ ಮೇಕ್ ಎಂಬ ಬಿಲ್ಡ್ ಸಾಧನದಲ್ಲಿ ಟಾರ್ಗೆಟ್ ಸಾಮಾನ್ಯವಾಗಿ ಒಂದು ಫೈಲಿನ ಹೆಸರೇ ಆಗಿರುತ್ತದೆ. ಆ ಫೈಲು ಯಾವ ಫೈಲುಗಳನ್ನು ಅವಲಂಬಿಸಿದೆ, ಯಾವ ಕಮಾಂಡುಗಳಿಂದ ತಯಾರಾಗುತ್ತದೆ ಎಂಬುದನ್ನು ಮೇಕ್‌ಫೈಲ್‌ನಲ್ಲಿ ಬರೆದಿಟ್ಟರೆ, ಮೇಕ್ ಅವುಗಳ ಮಾರ್ಪಾಟಿನ ಸಮಯವನ್ನು ಹೋಲಿಸಿ ಹಳತಾದುದನ್ನು ಮಾತ್ರ ಮತ್ತೆ ತಯಾರಿಸುತ್ತದೆ. ತಯಾರಾದ ಫೈಲುಗಳನ್ನು ಅಳಿಸುವ ಕ್ಲೀನ್‌ನಂಥ ಟಾರ್ಗೆಟ್‌ಗಳು ಮಾತ್ರ ಬೇರೆ ಜಾತಿಯವು. ಅವು ಬರೀ ಕೆಲಸದ ಹೆಸರುಗಳು. ಅವನ್ನು ಫೋನಿ (ಫೈಲಲ್ಲದ ಬರೀ ಹೆಸರು) ಎಂದು ಘೋಷಿಸದೆ ಬಿಟ್ಟರೆ, ಅದೇ ಹೆಸರಿನ ಫೈಲೊಂದು ಡೈರೆಕ್ಟರಿಯಲ್ಲಿ ಇದ್ದಾಗ ಮೇಕ್ ಏನೂ ಮಾಡದೆ ಸುಮ್ಮನಾಗುತ್ತದೆ.

ಟ್ಯಾಗ್ಸ್ ಟಾರ್ಗೆಟ್ ಈ ಎರಡರ ನಡುವೆ ನಿಲ್ಲುತ್ತದೆ. ಅದು ಪ್ರೋಗ್ರಾಮನ್ನು ಕಟ್ಟುವುದಿಲ್ಲ. ಸೋರ್ಸ್ ಕೋಡ್‌ನಲ್ಲಿರುವ ಫಂಕ್ಷನ್, ಸ್ಟ್ರಕ್ಟ್, ಮ್ಯಾಕ್ರೋಗಳ ಸೂಚಿಯೊಂದನ್ನು ಸಿದ್ಧಪಡಿಸುತ್ತದೆ. ಸೂಚಿ ಮಾಡುವ ನಿಜವಾದ ಕೆಲಸ ಸೀಟ್ಯಾಗ್ಸ್ ಅಥವಾ ಇಟ್ಯಾಗ್ಸ್‌ನಂಥ ಸಾಧನಗಳದ್ದು. ಸೀಟ್ಯಾಗ್ಸ್ ಬರೆಯುವ ಫೈಲನ್ನು ತೆರೆದು ನೋಡಿದರೆ ಅದರ ಸರಳತೆ ಬೆರಗು ಹುಟ್ಟಿಸುತ್ತದೆ: ಒಂದೊಂದು ಸಾಲಿನಲ್ಲೂ ಮೊದಲು ಹೆಸರು, ಒಂದು ಟ್ಯಾಬ್ ಬಿಟ್ಟು ಅದು ಇರುವ ಫೈಲು, ಮತ್ತೊಂದು ಟ್ಯಾಬ್ ಬಿಟ್ಟು ಆ ಫೈಲಿನಲ್ಲಿ ಅದನ್ನು ಹುಡುಕುವ ವಿಧಾನ. ಮೂರನೆಯ ಭಾಗದಲ್ಲಿ ಸಾಲಿನ ಸಂಖ್ಯೆಯ ಬದಲು ಸಾಮಾನ್ಯವಾಗಿ ಆ ಸಾಲಿನ ಪಠ್ಯವನ್ನೇ ಹುಡುಕು ಮಾದರಿಯಾಗಿ ಇಟ್ಟಿರುತ್ತಾರೆ. ಹಾಗಾಗಿ ಮೇಲೆ ಹತ್ತು ಸಾಲು ಹೊಸದಾಗಿ ಸೇರಿದರೂ ಹಳೆಯ ಸೂಚಿ ದಾರಿ ತಪ್ಪುವುದಿಲ್ಲ. ಹೆಸರುಗಳು ಅಕ್ಷರಾನುಕ್ರಮದಲ್ಲಿ ಇರುವುದರಿಂದ, ವಿಮ್ ಎಂಬ ಪಠ್ಯ ಸಂಪಾದಕದಲ್ಲಿ ಹೆಸರಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ ಬಲ ಚೌಕಾವರಣವನ್ನು (]) ಒತ್ತಿದ ಕ್ಷಣವೇ ವ್ಯಾಖ್ಯಾನದ ಸ್ಥಳ ಎದುರಿಗೆ ಬರುತ್ತದೆ.

ಇಷ್ಟನ್ನು ಕೈಯಾರೆ ಒಂದು ಕಮಾಂಡ್ ಕೊಟ್ಟೂ ಮಾಡಿಸಬಹುದು. ಆದರೂ ಅದನ್ನು ಟಾರ್ಗೆಟ್ ಆಗಿ ಇಡುವುದಕ್ಕೆ ಕಾರಣ, ಯಾವ ಫೈಲುಗಳು ಪ್ರಾಜೆಕ್ಟಿಗೆ ಸೇರಿವೆ ಎಂಬುದು ಬಿಲ್ಡ್ ವ್ಯವಸ್ಥೆಗೆ ಮೊದಲೇ ತಿಳಿದಿರುವುದು. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಒಂದೇ ಫಂಕ್ಷನ್ ಒಂದೊಂದು ಪ್ರೊಸೆಸರ್ ಆರ್ಕಿಟೆಕ್ಚರ್‌ಗೂ ಬೇರೆಬೇರೆಯಾಗಿ ಬರೆಯಲ್ಪಟ್ಟಿರುವಾಗ, ಇಡೀ ಸೋರ್ಸ್ ಡೈರೆಕ್ಟರಿ ಮರವನ್ನು ಕುರುಡಾಗಿ ಜಾಲಾಡಿದ ಸೂಚಿ ನಮಗೆ ಬೇಡದ ಹತ್ತಾರು ಜಾಗಗಳನ್ನು ತೋರಿಸುತ್ತದೆ. ಮೇಕ್ ಟ್ಯಾಗ್ಸ್ ಎಂದು ಕಮಾಂಡ್ ಕೊಟ್ಟರೆ ಅದು ಆಯ್ದ ಆರ್ಕಿಟೆಕ್ಚರಿನ ಫೈಲುಗಳನ್ನು ಮಾತ್ರ ಪರಿಗಣಿಸುತ್ತದೆ. ಸಿಸ್ಟಮ್ ಕಾಲ್‌ಗಳನ್ನು (ಪ್ರೋಗ್ರಾಮುಗಳು ಕರ್ನಲ್‌ನ ಸೇವೆ ಕೇಳುವ ದಾರಿ) ವ್ಯಾಖ್ಯಾನಿಸುವ ಮ್ಯಾಕ್ರೋಗಳು ಸೀಟ್ಯಾಗ್ಸ್‌ಗೆ ತಾನಾಗಿ ಅರ್ಥವಾಗವು, ಏಕೆಂದರೆ ಅದು ಕಂಪೈಲರ್ ಅಲ್ಲ. ಅದಕ್ಕೆಂದೇ ಕರ್ನಲ್ ತನ್ನ ಸ್ಕ್ರಿಪ್ಟಿನಲ್ಲಿ ಪ್ರತ್ಯೇಕ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳನ್ನು (ಪಠ್ಯ ಹುಡುಕುವ ಮಾದರಿಗಳನ್ನು) ಇಟ್ಟುಕೊಂಡಿದೆ.

ಹೆಸರಿನ ವಿಷಯದಲ್ಲಿ ಒಂದು ಎಡವಟ್ಟಿದೆ. ರೂಢಿಯಂತೆ ವಿಮ್ ಓದುವ ಸೂಚಿಯ ಹೆಸರು ಸಣ್ಣಕ್ಷರದ ಟ್ಯಾಗ್ಸ್ (tags), ಈಮ್ಯಾಕ್ಸ್ ಎಂಬ ಇನ್ನೊಂದು ಸಂಪಾದಕ ಓದುವುದು ದೊಡ್ಡಕ್ಷರದ ಟ್ಯಾಗ್ಸ್ (TAGS). ಎರಡರ ಸ್ವರೂಪವೂ ಬೇರೆ. ಅಕ್ಷರದ ಗಾತ್ರವನ್ನು ಗಣಿಸದ ಫೈಲ್ ಸಿಸ್ಟಮ್‌ಗಳಲ್ಲಿ ಒಂದರ ಮೇಲೆ ಇನ್ನೊಂದು ಬರೆದುಕೊಳ್ಳುತ್ತದೆ. ಸಾಲದ್ದಕ್ಕೆ, ಆಟೋಮೇಕ್ ಎಂಬ ಸಾಧನ ತಯಾರಿಸಿದ ಮೇಕ್‌ಫೈಲ್‌ನಲ್ಲಿ ಸಣ್ಣಕ್ಷರದಲ್ಲಿ ಮೇಕ್ ಟ್ಯಾಗ್ಸ್ ಎಂದರೆ ಸಿಗುವುದು ಈಮ್ಯಾಕ್ಸಿನ ಫೈಲು. ವಿಮ್‌ನದು ಬೇಕಿದ್ದರೆ ಮೇಕ್ ಸೀಟ್ಯಾಗ್ಸ್ ಎನ್ನಬೇಕು.

ವ್ಯಾಖ್ಯಾನ ಎಲ್ಲಿದೆ ಎಂಬುದಷ್ಟೇ ಅಲ್ಲದೆ, ಒಂದು ಫಂಕ್ಷನ್ನನ್ನು ಯಾರು ಯಾರು ಕರೆಯುತ್ತಾರೆ ಎಂಬುದೂ ಬೇಕಾದಾಗ ಸಿಸ್ಕೋಪ್ ಎಂಬ ಸಾಧನ ನೆರವಿಗೆ ಬರುತ್ತದೆ. ಕರ್ನಲ್‌ನಲ್ಲೂ ಆಟೋಮೇಕ್‌ನಲ್ಲೂ ಅದಕ್ಕೊಂದು ಟಾರ್ಗೆಟ್ ಇದೆ. 2016ರಲ್ಲಿ ಪ್ರಕಟವಾದ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್ (ಸಂಪಾದಕಕ್ಕೂ ಕೋಡ್ ವಿಶ್ಲೇಷಿಸುವ ಪ್ರೋಗ್ರಾಮಿಗೂ ನಡುವಿನ ಸಂವಹನ ನಿಯಮ) ಆಧಾರಿತ ಸಾಧನಗಳು ಕೋಡನ್ನು ಇನ್ನೂ ಆಳವಾಗಿ ಅರ್ಥ ಮಾಡಿಕೊಳ್ಳುತ್ತವೆ, ನಿಜ. ಆದರೆ ಅವುಗಳಲ್ಲಿ ಸಿ ಮತ್ತು ಸಿ ಪ್ಲಸ್ ಪ್ಲಸ್‌ಗೆ ಹೆಚ್ಚು ಬಳಕೆಯಲ್ಲಿರುವ ಕ್ಲ್ಯಾಂಗ್‌ಡಿ ಕೂಡ ಪ್ರತಿ ಫೈಲನ್ನು ಯಾವ ಆಯ್ಕೆಗಳೊಂದಿಗೆ ಕಂಪೈಲ್ ಮಾಡಬೇಕೆಂಬ ಪಟ್ಟಿಯನ್ನು ಕೇಳುತ್ತದೆ, ಮತ್ತು ಆ ಪಟ್ಟಿಯನ್ನು ಸಾಮಾನ್ಯವಾಗಿ ಬಿಲ್ಡ್ ವ್ಯವಸ್ಥೆಯಿಂದಲೇ ಪಡೆಯಬೇಕಾಗುತ್ತದೆ.