ಉದಾರವಾದದ ಮನುಷ್ಯ ಒಂಟಿಯೇ?

ಓದುಗರ ಪ್ರಶ್ನೆ: ಉದಾರವಾದವು ಎಲ್ಲಕ್ಕಿಂತ ಮೊದಲು ವ್ಯಕ್ತಿಯ ಹಕ್ಕನ್ನು ಎತ್ತಿಹಿಡಿಯುತ್ತದೆ. ಹಾಗಾದರೆ ಅದರ ಕಣ್ಣಿಗೆ ಮನುಷ್ಯನು ಸಮಾಜದ ಹಂಗಿಲ್ಲದ, ಸ್ವಹಿತವನ್ನಷ್ಟೇ ನೋಡುವ ಜೀವಿಯೇ? ಕಾಸರಗೋಡಿನ ಕನ್ನಡಿಗರಿಗೆ ಅದರಿಂದೇನು ಪ್ರಯೋಜನ?

ಉತ್ತರ: ಈ ಸಂದೇಹ ಹುಟ್ಟುವುದು ‘ನಿಸರ್ಗ ಸ್ಥಿತಿ’ ಎಂಬ ಕಲ್ಪನೆಯಿಂದ. ಸರ್ಕಾರವೇ ಇಲ್ಲದಿದ್ದರೆ ಮನುಷ್ಯರು ಹೇಗಿರುತ್ತಿದ್ದರು ಎಂದು ಕೇಳಿಕೊಂಡ ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್, 1651ರಲ್ಲಿ, ಎಲ್ಲರೂ ಎಲ್ಲರೊಡನೆ ಕಾದಾಡುತ್ತಿದ್ದರೆಂದು ಉತ್ತರಿಸಿ, ಅದಕ್ಕೆ ಮದ್ದಾಗಿ ಮಿತಿಯಿಲ್ಲದ ಪ್ರಭುತ್ವವನ್ನು ಸೂಚಿಸಿದನು. ಉದಾರವಾದವು ಹಿಡಿದದ್ದು ಈ ದಾರಿಯನ್ನಲ್ಲ. 1689ರಲ್ಲಿ ಅದೇ ದೇಶದ ತತ್ವಜ್ಞಾನಿ ಜಾನ್ ಲಾಕ್ ಹೇಳಿದ್ದು ಬೇರೆ: ಸರ್ಕಾರವಿಲ್ಲದಿದ್ದರೂ ಮನುಷ್ಯರಿಗೆ ಸರಿತಪ್ಪುಗಳ ಅರಿವಿರುತ್ತದೆ, ಆದರೆ ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾದವನು ಪಕ್ಷಪಾತ ಮಾಡದೆ ಇರಲಾರನು. ಆದ್ದರಿಂದ ಎಲ್ಲರಿಗೂ ಸಮನಾದ ಕಾನೂನು ಬೇಕು. ಆಳುವವರೂ ಅದೇ ಮಣ್ಣಿನ ಮನುಷ್ಯರಾದುದರಿಂದ ಅವರ ಅಧಿಕಾರಕ್ಕೂ ಕಟ್ಟು ಬೇಕು.

ಈ ತರ್ಕವು ನಮ್ಮೂರಿಗೆ ದೂರದ್ದಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿ 1970ರಲ್ಲಿ ಸಲ್ಲಿಸಿದ ಅರ್ಜಿಯೇ ಬೆಳೆದು, 1973ರ ಏಪ್ರಿಲ್ 24ರಂದು, ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರ ಪೀಠವು 7–6ರ ಬಹುಮತದಿಂದ, ಸಂಸತ್ತು ಕೂಡ ಸಂವಿಧಾನದ ಮೂಲ ರಚನೆಯನ್ನು, ಅಂದರೆ ಅದರ ಬುನಾದಿಯ ಲಕ್ಷಣಗಳನ್ನು, ಕೆಡಿಸಲಾಗದು ಎಂದು ತೀರ್ಪಿತ್ತಿತು. ಭೂಸುಧಾರಣೆಯು ಗೇಣಿದಾರರಿಗೆ ಸಂದ ನ್ಯಾಯವೆಂದೇ ನಾನು ತಿಳಿದಿದ್ದೇನೆ. ಆದರೂ ಆ ತೀರ್ಪಿನ ಋಣ ನಮ್ಮೆಲ್ಲರ ಮೇಲಿದೆ.

ಇನ್ನು ಸ್ವಾರ್ಥದ ಮಾತು. ಮಾರುಕಟ್ಟೆಯ ತತ್ವಜ್ಞನೆಂದು ಹೆಸರಾದ ಆಡಂ ಸ್ಮಿತ್, 1759ರ ತನ್ನ ಮೊದಲ ಗ್ರಂಥದಲ್ಲಿ ನೀತಿಯ ಬೇರನ್ನು ಕಂಡದ್ದು ಸಹಾನುಭೂತಿಯಲ್ಲಿ, ಅಂದರೆ ಇನ್ನೊಬ್ಬರ ಸ್ಥಾನದಲ್ಲಿ ನಿಂತು ನೋಡಬಲ್ಲ ನಮ್ಮ ಶಕ್ತಿಯಲ್ಲಿ. ಇಂಗ್ಲೆಂಡಿನ ಉದಾರವಾದಿ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ, ಮನುಷ್ಯ ಸ್ವಭಾವವು ಯಂತ್ರವಲ್ಲ, ಎಲ್ಲ ಬದಿಗೂ ಚಾಚಿ ಬೆಳೆಯಬೇಕಾದ ಮರ ಎಂದನು. ಆದರೆ ಅದೇ ಗ್ರಂಥದಲ್ಲಿ ‘ಹಿಂದುಳಿದ’ ಜನಾಂಗಗಳಿಗೆ ಈ ಸ್ವಾತಂತ್ರ್ಯ ಸಲ್ಲದೆಂದೂ ಬರೆದನು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದಶಕಗಳ ಕಾಲ ದುಡಿದವನ ಈ ಮಾತನ್ನು ನಾವು ಕ್ಷಮಿಸಬೇಕಾಗಿಲ್ಲ.

ಹಾಗಾದರೆ ವ್ಯಕ್ತಿಗೇ ಏಕೆ ಒತ್ತು? 1948ರ ನವೆಂಬರ್ 4ರಂದು ಡಾ. ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ, ಕರಡು ಸಂವಿಧಾನವು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಸ್ವೀಕರಿಸಿದ್ದು ತಮಗೆ ಸಂತೋಷವೆಂದರು. ಊರ ಬಾವಿಯ ಹಗ್ಗವನ್ನು ಮುಟ್ಟಲು ಬಿಡದ ಸಮಾಜದಲ್ಲಿ, ಊರಿನ ಒಗ್ಗಟ್ಟೆಂಬುದು ಕೆಲವರ ಪಾಲಿಗೆ ಗೋಡೆಯೇ ಆಗಿತ್ತು.

ಕೆಲವು ಸಮಯದ ಹಿಂದೆ ಒಂದು ಕಚೇರಿಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು, ಮಲಯಾಳದಲ್ಲಿ ಮಾತ್ರ ಅಚ್ಚಾದ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದರಲ್ಲಿ ಎಂತ ಬರೆದುಂಟು ಮಗಾ?” ಎಂದು ಕೇಳಿದರು. ಅವರ ಚೀಲದಲ್ಲಿ ಆ ದಿನದ ಕನ್ನಡ ಪತ್ರಿಕೆ ಮಡಚಿಟ್ಟಿತ್ತು. ಓದುಬರಹ ಬಲ್ಲ ಹೆಂಗಸು, ತನ್ನ ಸಹಿ ಯಾವುದಕ್ಕೆಂದು ಪರರನ್ನು ಕೇಳಬೇಕಾಯಿತು. ಆಯ್ಕೆಗೆ ಅರ್ಥ ಬರುವುದು ನಾವು ಹುಟ್ಟಿ ಬೆಳೆದ ಭಾಷೆ, ಸಂಸ್ಕೃತಿಗಳ ನೆಲದ ಮೇಲೆ ಎಂದು ಕೆನಡಾದ ಉದಾರವಾದಿ ವಿಲ್ ಕಿಮ್ಲಿಕ ಅವರು 1989ರಿಂದ ವಾದಿಸುತ್ತ ಬಂದಿರುವುದು ಇದನ್ನೇ.

ನಮ್ಮ ಸಂವಿಧಾನದ 350ನೇ ವಿಧಿಯ ಪ್ರಕಾರ, ಪ್ರತಿಯೊಬ್ಬ ವ್ಯಕ್ತಿಯೂ ತನ್ನ ಅಹವಾಲನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಹಕ್ಕು ಒಬ್ಬರದು, ಭಾಷೆ ಎಂದೂ ಒಬ್ಬರದಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಸಂವಿಧಾನಕ್ಕೆ ಬಂದ 350-ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಲು ಪ್ರಯತ್ನಿಸುವ ಹೊಣೆಯನ್ನು ರಾಜ್ಯಕ್ಕೆ ವಹಿಸುತ್ತದೆ. ಆದರೆ ಆ ಅಜ್ಜಿಯ ಮೊಮ್ಮಗಳನ್ನು ಬೇರೆ ಮಾಧ್ಯಮದ ಶಾಲೆಗೆ ಸೇರಿಸಿದ ತಾಯಿಯನ್ನು ತಡೆಯುವ ಅಧಿಕಾರವನ್ನು ಉದಾರವಾದವು ಸರ್ಕಾರಕ್ಕೂ ಕೊಡುವುದಿಲ್ಲ, ನಮಗೂ ಕೊಡುವುದಿಲ್ಲ. ಕನ್ನಡ ಶಾಲೆಯ ಬಾಗಿಲು ತೆರೆದಿರಬೇಕೆಂದು ಹೋರಾಡುವ ನನ್ನಂಥವರಿಗೆ ಒಪ್ಪಲು ಕಷ್ಟವಾಗುವ ಭಾಗ ಇದು, ಒಪ್ಪಿದ್ದೇನೆ.