ಓದುಗರ ಪ್ರಶ್ನೆ: ಮಾವನವರ ಕ್ಯಾಪ್ಸೂಲ್ ಒಡೆದು ಗಂಜಿಗೆ ಹಾಕಬಹುದೇ?

ಪ್ರಶ್ನೆ: ಮಾವನವರಿಗೆ ಮಲ್ಟಿಪಲ್ ಮೈಲೋಮಾ, ಮಜ್ಜೆಯ ಕ್ಯಾನ್ಸರ್. ಲೆನಾಲಿಡೊಮೈಡ್ ಕ್ಯಾಪ್ಸೂಲ್ ಕೊಟ್ಟಿದ್ದಾರೆ. ನುಂಗಲಾರೆ, ಒಡೆದು ಗಂಜಿಗೆ ಹಾಕಿಕೊಡು ಎನ್ನುತ್ತಾರೆ. ನಾನು ನಾಲ್ಕು ತಿಂಗಳ ಬಸುರಿ. ಇದು ಥಾಲಿಡೊಮೈಡ್ ಜಾತಿಯದೆಂದು ಕೇಳಿ ಹೆದರಿದ್ದೇನೆ. ಅಂಥದ್ದು ಕ್ಯಾನ್ಸರಿಗೆ ಹೇಗೆ ಔಷಧಿಯಾಯಿತು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಒಡೆಯಬೇಡಿ. ನೀವಂತೂ ಮುಟ್ಟಲೇಬೇಡಿ. ಕ್ಯಾಪ್ಸೂಲನ್ನು ಅವರು ಇಡಿಯಾಗಿ ನುಂಗಬೇಕು. ಆಗದಿದ್ದರೆ ವೈದ್ಯರಿಗೆ ತಿಳಿಸಿ. ಅಕಸ್ಮಾತ್ ಪುಡಿ ತಾಗಿದರೆ ತಕ್ಷಣ ಸೋಪು ಹಾಕಿ ತೊಳೆಯಿರಿ. ನಿಮ್ಮ ಹೆದರಿಕೆಗೆ ಕಾರಣವಿದೆ.

ನಿಮ್ಮ ಕಡೆಯ ಅರೇಬಿಕಾ ಕಾಫಿ ತೋಟಗಳಲ್ಲಿ ಬೋರರ್ (ಕಾಂಡ ಕೊರೆಯುವ ಹುಳು) ಹೊಕ್ಕ ಗಿಡ ಹುಡುಕುವುದನ್ನು ನೋಡಿರುತ್ತೀರಿ. ಒಬ್ಬರು ಸಾಲು ಹಿಡಿದು ಗುರುತು ಹಾಕುತ್ತಾ ಹೋದರೆ, ಹಿಂದಿನವರು ಗುರುತಿದ್ದದ್ದನ್ನು ಕೀಳುತ್ತಾ ಬರುತ್ತಾರೆ. ಯಾವ ಗಿಡ, ಏಕೆ ಎಂದು ಕೀಳುವವರು ಕೇಳುವುದಿಲ್ಲ. ಜೀವಕೋಶದಲ್ಲೂ ಇದೇ ಏರ್ಪಾಡು. ಬೇಡವಾದ ಪ್ರೋಟೀನಿಗೆ ಬೀಳುವ ಗುರುತು ಯುಬಿಕ್ವಿಟಿನ್ (ಈ ಒಗಟನ್ನು ಬಿಡಿಸಿದ ಮೂವರಿಗೆ 2004ರಲ್ಲಿ ನೊಬೆಲ್ ಬಂತು). ಗುರುತಾದದ್ದನ್ನು ಕತ್ತರಿಸುವ ಯಂತ್ರ ಪ್ರೋಟಿಯಾಸೋಮ್. ಗುರುತು ಹಾಕುವ ಒಂದು ತಂಡದಲ್ಲಿ ಯಾವುದಕ್ಕೆ ಎಂದು ಆರಿಸುವ ಮೇಸ್ತ್ರಿ ಸೆರೆಬ್ಲಾನ್ ಎಂಬ ಪ್ರೋಟೀನ್. ಹೋಲಿಕೆ ಒಂದು ಕಡೆ ಕುಂಟುತ್ತದೆ: ಬೋರರ್ ಗಿಡವನ್ನು ಸುಡುತ್ತಾರೆ, ಜೀವಕೋಶ ಮಾತ್ರ ಚೂರುಗಳನ್ನು ಮತ್ತೆ ಬಳಸಿಕೊಳ್ಳುತ್ತದೆ.

ಲೆನಾಲಿಡೊಮೈಡ್ ಈ ಮೇಸ್ತ್ರಿಗೆ ಅಂಟಿಕೊಂಡು ಅವನ ಕಣ್ಣನ್ನೇ ಬದಲಿಸುತ್ತದೆ. ಮೊದಲು ನೋಡಿಯೂ ನೋಡದಂತೆ ದಾಟುತ್ತಿದ್ದ ಐಕರೋಸ್, ಐಯೋಲೋಸ್ ಎಂಬ ಪ್ರೋಟೀನುಗಳಿಗೆ ಗುರುತು ಬೀಳತೊಡಗುತ್ತದೆ. ಮೈಲೋಮಾ ಕೋಶಗಳು ಬದುಕಿರುವುದೇ ಅವುಗಳ ಬಲದಿಂದ. ಇದು ಬೆಳಕಿಗೆ ಬಂದದ್ದು 2014ರಲ್ಲಿ. ಔಷಧಿ ಅದಕ್ಕೂ ಎಷ್ಟೋ ವರ್ಷ ಮೊದಲೇ ಬಳಕೆಯಲ್ಲಿತ್ತು! ಇನ್ನೊಂದು ಸೊಗಸು: ಒಂದು ಪ್ರೋಟೀನ್ ಚೂರಾದ ಮೇಲೂ ಔಷಧಿಯ ಅಣು ಸವೆಯುವುದಿಲ್ಲ, ಮುಂದಿನದಕ್ಕೆ ಹೋಗುತ್ತದೆ.

ಇನ್ನು ಥಾಲಿಡೊಮೈಡ್. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಯ ಮಾತ್ರೆಯಾಗಿ ಮಾರುಕಟ್ಟೆಗೆ ಬಂತು. ಬಸುರಿಯರು ವಾಕರಿಕೆಗೆ ನುಂಗಿದರು. ಕೈಕಾಲು ಮೊಟಕಾದ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹುಟ್ಟಿದ ಮೇಲೆ, 1961ರಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಂಡರು. ಅದು ಹಿಡಿದದ್ದು ಸೆರೆಬ್ಲಾನನ್ನೇ ಎಂದು ಜಪಾನಿನ ವಿಜ್ಞಾನಿಗಳು ತೋರಿಸಿದ್ದು 2010ರಲ್ಲಿ. ಭ್ರೂಣದ ಕೈಕಾಲು ಬೆಳೆಯಲು ಬೇಕಾದ ‘ಸಾಲ್4’ ಎಂಬ ಪ್ರೋಟೀನಿಗೂ, ಥಾಲಿಡೊಮೈಡ್ ಅಂಟಿಕೊಂಡಾಗ, ಈ ಮೇಸ್ತ್ರಿಯೇ ಗುರುತು ಹಾಕುತ್ತಾನೆಂದು 2018ರಲ್ಲಿ ತಿಳಿಯಿತು. ಅಂದರೆ ಮಾವನವರ ಮಜ್ಜೆಯಲ್ಲಿ ಉಪಕಾರ ಮಾಡುವ ಕೆಲಸವೇ ಗರ್ಭದಲ್ಲಿ ಅಪಾಯ. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯುವುದು ಸುಲಭವಲ್ಲ.

ಆದ್ದರಿಂದ ಸ್ಟ್ರಿಪ್ಪನ್ನು ಅಡುಗೆಮನೆಯ ಕಪಾಟಿನಲ್ಲಿ ಇಡದೆ ಮಾವನವರ ಕೋಣೆಯಲ್ಲೇ ಬೀಗ ಹಾಕಿಡಿ. ಉಳಿದದ್ದನ್ನು ತಿಪ್ಪೆಗೆ ಎಸೆಯದೆ ಕೊಟ್ಟಲ್ಲಿಗೇ ಹಿಂತಿರುಗಿಸಿ.